ಗಾಳಿಯಲ್ಲಿ ಅಡಗಿರುವ ನೀರು

ವೈಶಾಖದ ನಡುಹಗಲು. ಗುಂಡ್ಲುಪೇಟೆಯಿಂದ ತೆರಕಣಾಂಬಿಗೆ ಹೋಗುವ ದಾರಿಯ ಪಕ್ಕದ ಹೊಲದಲ್ಲಿ ಸಣ್ಣ ಈರುಳ್ಳಿ ಕೀಳುತ್ತಿದ್ದ ಕೂಲಿಯಾಳುಗಳು, ಬಿಸಿಲು ನೆತ್ತಿಯ ಮೇಲೆ ಬಂದೊಡನೆ ಎದ್ದು ಹುಣಿಸೆಯ ಮರದಡಿಗೆ ಬರುತ್ತಾರೆ. ಉಷ್ಣಮಾಪಕವನ್ನು ನೋಡಿದರೆ ಗಾಳಿಯ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್; ಎಂದರೆ ನಮ್ಮ ಮೈಯ ಉಷ್ಣತೆಗೆ ಸರಿಸಮ. ಆದರೂ ನೆರಳಿನಲ್ಲಿ ಕುಳಿತು, ಒಂದು ಚೊಂಬು ನೀರು ಕುಡಿದು, ಸೆರಗಿನಿಂದ ಗಾಳಿ ಬೀಸಿಕೊಂಡರೆ ಕಾಲು ಗಂಟೆಯಲ್ಲಿ ದಣಿವು ಆರುತ್ತದೆ.

ಅದೇ ಹೊತ್ತಿನಲ್ಲಿ, ಅರಬ್ಬೀ ಸಮುದ್ರದ ನಡುವಣ ಅಮೀನಿ ದ್ವೀಪದಲ್ಲಿ ತೆಂಗಿನ ಕಾಯಿ ಸುಲಿಯುತ್ತಿರುವ ಒಬ್ಬನನ್ನು ಕಲ್ಪಿಸಿಕೊಳ್ಳಿ. ಆ ದ್ವೀಪ ನಮಗೆ ತೀರ ಅಪರಿಚಿತವಾದುದಲ್ಲ. 1956ರವರೆಗೆ ಅಮೀನಿದೀವಿ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, ಅವುಗಳ ಆಡಳಿತ ಮಂಗಳೂರಿನಿಂದಲೇ ನಡೆಯುತ್ತಿತ್ತು. ಅಲ್ಲಿ ಉಷ್ಣತೆ ಬರಿಯ 32 ಡಿಗ್ರಿ. ನಮ್ಮ ಹೊಲಕ್ಕಿಂತ ಐದು ಡಿಗ್ರಿ ಕಡಮೆ. ಆದರೆ ಆತನು ನೆರಳಿನಲ್ಲಿ ಕುಳಿತರೂ ಬೆವರು ಧಾರೆಗಟ್ಟಿ ಸುರಿಯುತ್ತದೆ, ಮೈ ಆರುವುದಿಲ್ಲ, ಉಸಿರು ಕಟ್ಟಿದಂತಾಗುತ್ತದೆ.

ಹೆಚ್ಚು ಬಿಸಿಯಾದ ಎಡೆಯಲ್ಲಿ ಹಾಯಾಗಿರುವುದೂ ಕಡಮೆ ಬಿಸಿಯಾದ ಎಡೆಯಲ್ಲಿ ಬೇಯುವುದೂ ಹೇಗೆ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಹೋದರೆ ನಾವು ಸೆಕೆಯ ಕಾರಣವನ್ನಷ್ಟೇ ಅಲ್ಲ, ನೆರೆಯ ಕಾರಣವನ್ನೂ ತಲಪುತ್ತೇವೆ. ಎರಡಕ್ಕೂ ಮೂಲ ಒಂದೇ: ಗಾಳಿಯಲ್ಲಿ ಕಣ್ಣಿಗೆ ಕಾಣದೆ ಅಡಗಿರುವ ನೀರು.

ಗಾಳಿ ಎಷ್ಟು ನೀರನ್ನು ಹೊರಬಲ್ಲದು?

ಒದ್ದೆಯ ಬಟ್ಟೆ ಒಣಗಿದಾಗ ಅದರ ನೀರು ಎಲ್ಲಿಗೂ ಮಾಯವಾಗುವುದಿಲ್ಲ. ಆವಿಯಾಗಿ ಗಾಳಿಯನ್ನು ಸೇರುತ್ತದೆ. ಆದರೆ ಹೀಗೆ ಸೇರುವುದಕ್ಕೆ ಒಂದು ಮಿತಿಯುಂಟು. ಆ ಮಿತಿಯನ್ನು ಮುಟ್ಟಿದ ಗಾಳಿಯನ್ನು ಸಂತೃಪ್ತವಾದ ಗಾಳಿ ಎನ್ನುತ್ತೇವೆ. ಮಿತಿಯು ಎಲ್ಲ ಕಾಲದಲ್ಲಿಯೂ ಒಂದೇ ಆಗಿರದೆ ಉಷ್ಣತೆಯೊಡನೆ ಏರುತ್ತದೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರು ಜಾಗದಲ್ಲಿ ಸುಮಾರು 17 ಗ್ರಾಂ ನೀರಾವಿ ಇರಬಲ್ಲದು. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. 38 ಡಿಗ್ರಿಯಲ್ಲಿ 46 ಗ್ರಾಂ.

ಈ ಸಂಖ್ಯೆಗಳನ್ನು ಮನೆಯ ಅಳತೆಗೆ ತರೋಣ. ನಾಲ್ಕು ಮೀಟರು ಉದ್ದ, ನಾಲ್ಕು ಮೀಟರು ಅಗಲ, ಮೂರು ಮೀಟರು ಎತ್ತರದ ಒಂದು ಕೋಣೆಯಲ್ಲಿ 30 ಡಿಗ್ರಿಯ ಸಂತೃಪ್ತ ಗಾಳಿ ತುಂಬಿದ್ದರೆ, ಅದರೊಳಗೆ ಸುಮಾರು ಒಂದೂವರೆ ಲೀಟರು ನೀರು ಅಡಗಿರುತ್ತದೆ. ಅದೇ ಗಾಳಿಯನ್ನು 20 ಡಿಗ್ರಿಗೆ ತಣಿಸಿದರೆ ಅರ್ಧ ಲೀಟರಿಗೂ ಮಿಗಿಲಾದ ನೀರು ಹನಿಗಟ್ಟಿ ಹೊರಬೀಳಲೇಬೇಕು. ತಣ್ಣೀರಿನ ಲೋಟದ ಹೊರಮೈ ಬೆವರುವುದು ಇದರಿಂದಲೇ. ಮಳೆ ಬೀಳುವುದೂ ಇದರಿಂದಲೇ.

ಗಾಳಿಯಲ್ಲಿ ಇರಬಹುದಾದ ಆವಿಯಲ್ಲಿ ಶೇಕಡ ಎಷ್ಟು ಪಾಲು ನಿಜವಾಗಿ ಇದೆ ಎಂಬುದೇ ಸಾಪೇಕ್ಷ ಆರ್ದ್ರತೆ. ಗುಂಡ್ಲುಪೇಟೆಯ ಬೇಸಗೆಯ ಒಣ ಮಧ್ಯಾಹ್ನದಲ್ಲಿ ಅದು ಶೇಕಡ 20ಕ್ಕೆ ಇಳಿಯಬಹುದು. ಸುತ್ತಲೂ ಬೆಚ್ಚಗಿನ ಕಡಲಿರುವ ದ್ವೀಪದಲ್ಲಿ ಶೇಕಡ 75ರ ಸುತ್ತ ನಿಂತಿರುತ್ತದೆ. ಕಡಲು ದ್ವೀಪದ ಉಷ್ಣತೆಯನ್ನು ಮೇಲೇರಗೊಡದು. ಆದರೆ ಆ ಉಪಕಾರಕ್ಕೆ ಪ್ರತಿಯಾಗಿ ಗಾಳಿಯನ್ನೆಲ್ಲ ಆವಿಯಿಂದ ತುಂಬಿಬಿಡುತ್ತದೆ.

ಬೆವರಿನ ಲೆಕ್ಕ

ಸುಮ್ಮನೆ ಕುಳಿತ ಮನುಷ್ಯನ ದೇಹವೂ ಒಂದು ಒಲೆ. ಅದು ಸುಮಾರು 100 ವಾಟ್ ಶಾಖವನ್ನು ಎಡೆಬಿಡದೆ ಹೊರಹಾಕಬೇಕು. ಗುದ್ದಲಿ ಹಿಡಿದು ಅಗೆಯತೊಡಗಿದರೆ ಇದು 400 ವಾಟ್‌ಗೂ ಏರುತ್ತದೆ. ಹೊರಗಿನ ಗಾಳಿಯು ಮೈಗಿಂತ ತಂಪಾಗಿದ್ದಾಗ ಈ ಶಾಖ ತಾನಾಗಿಯೇ ಹರಿದುಹೋಗುವುದು. ಗಾಳಿಯೂ ಮೈಯೂ ಸಮಬಿಸಿಯಾದಾಗ ಆ ಬಾಗಿಲು ಮುಚ್ಚುತ್ತದೆ. ಆಗ ಉಳಿಯುವುದು ಬೆವರಿನ ಬಾಗಿಲೊಂದೇ.

ನೀರು ಆವಿಯಾಗಬೇಕಾದರೆ ಶಾಖವನ್ನು ನುಂಗಬೇಕು. ಈ ಶಾಖದಿಂದ ಉಷ್ಣತೆ ಏರುವುದಿಲ್ಲವಾದ್ದರಿಂದ ಇದಕ್ಕೆ ಗುಪ್ತೋಷ್ಣವೆಂದು ಹೆಸರು. ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಇದನ್ನು ಕಂಡುಹಿಡಿದನು. ಚರ್ಮದ ಮೇಲಿನ ಒಂದು ಗ್ರಾಂ ಬೆವರು ಆರುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಗಂಟೆಗೆ ಒಂದು ಲೀಟರು ಬೆವರು ಪೂರ್ತಿಯಾಗಿ ಆರಿದರೆ, ಕಠಿಣವಾಗಿ ದುಡಿಯುವವನ ಶಾಖವನ್ನೆಲ್ಲ ಸಾಗಿಸಲು ಅದೊಂದೇ ಸಾಕು.

ಆದರೆ ಇಲ್ಲಿ ‘ಆರಿದರೆ’ ಎಂಬ ಮಾತು ಮುಖ್ಯ. ಸುರಿದ ಬೆವರು ತಂಪು ಕೊಡುವುದಿಲ್ಲ. ಆರಿದ ಬೆವರು ಮಾತ್ರ ಕೊಡುತ್ತದೆ. ಆವಿಯಿಂದ ತುಂಬಿದ ಗಾಳಿಯು ಬೆವರನ್ನು ಸ್ವೀಕರಿಸಲೊಲ್ಲದು. ಅಮೀನಿಯವನು ನೀರನ್ನು ಕಳೆದುಕೊಳ್ಳುತ್ತಾನೆ, ಶಾಖವನ್ನು ಕಳೆದುಕೊಳ್ಳಲಾರ. ಗುಂಡ್ಲುಪೇಟೆಯವನ ಬೆವರು ಕಾಣಿಸಿಕೊಳ್ಳುವ ಮೊದಲೇ ಆರಿಹೋಗುತ್ತದೆ.

ಎರಡು ಉಷ್ಣಮಾಪಕಗಳು

ಈ ವ್ಯತ್ಯಾಸವನ್ನು ಕಣ್ಣಾರೆ ಕಾಣುವುದು ಸುಲಭ. ಒಂದೇ ಬಗೆಯ ಎರಡು ಉಷ್ಣಮಾಪಕಗಳನ್ನು ನೆರಳಿನಲ್ಲಿ ಅಕ್ಕಪಕ್ಕ ತೂಗುಹಾಕಿರಿ. ಒಂದರ ಬುಡದ ಗುಂಡಿಗೆ ತೆಳ್ಳಗಿನ ಹತ್ತಿಬಟ್ಟೆಯನ್ನು ಸುತ್ತಿ, ಬಟ್ಟೆಯ ತುದಿಯನ್ನು ಶುದ್ಧವಾದ ನೀರಿನ ಬಟ್ಟಲಿನಲ್ಲಿ ಅದ್ದಿಡಿ. ಬೀಸಣಿಗೆಯಿಂದ ಐದಾರು ನಿಮಿಷ ಚೆನ್ನಾಗಿ ಗಾಳಿ ಹಾಕಿರಿ. ಒದ್ದೆಯ ಗುಂಡಿನ ಉಷ್ಣತೆ ಇಳಿಯುತ್ತ ಹೋಗಿ ಒಂದೆಡೆ ನಿಲ್ಲುವುದು. ಆ ಅಂಕಿಯೇ ತೇವಗುಂಡಿನ ಉಷ್ಣತೆ. ಬೆವರಿದ ಮೈಯನ್ನು ಗಾಳಿಯು ಹೆಚ್ಚೆಂದರೆ ಎಷ್ಟು ತಣಿಸಬಲ್ಲದು ಎಂಬುದನ್ನು ಅದು ಹೇಳುತ್ತದೆ.

ಮೂರು ಉದಾಹರಣೆಗಳನ್ನು ಹೋಲಿಸೋಣ. ಮೊದಲನೆಯದು ಗುಂಡ್ಲುಪೇಟೆಯ ಒಣ ಮಧ್ಯಾಹ್ನ: ಉಷ್ಣತೆ 37 ಡಿಗ್ರಿ, ಆರ್ದ್ರತೆ ಶೇಕಡ 20. ತೇವಗುಂಡು ಸುಮಾರು 20 ಡಿಗ್ರಿಗೆ ಇಳಿಯುತ್ತದೆ. ಎರಡನೆಯದು ದ್ವೀಪ: 32 ಡಿಗ್ರಿ, ಶೇಕಡ 75. ತೇವಗುಂಡು 28 ಡಿಗ್ರಿಯಲ್ಲಿಯೇ ನಿಲ್ಲುತ್ತದೆ. ಒಣ ಉಷ್ಣಮಾಪಕವು ದ್ವೀಪವನ್ನು ಐದು ಡಿಗ್ರಿ ತಂಪೆಂದು ಹೇಳಿದರೆ, ತೇವದ ಉಷ್ಣಮಾಪಕವು ಎಂಟು ಡಿಗ್ರಿ ಬಿಸಿಯೆಂದು ಹೇಳುತ್ತದೆ! ದೇಹವು ನಂಬುವುದು ಎರಡನೆಯ ಸಾಕ್ಷಿಯನ್ನು.

ಮೂರನೆಯ ಉದಾಹರಣೆ ನಮಗೆ ಹೆಚ್ಚು ಸಂಬಂಧಪಟ್ಟುದು. ಭರಣಿಯ ಮಳೆಯೊಂದು ರಾತ್ರಿ ಬಿದ್ದು, ಮರುದಿನ ಬಿಸಿಲು ಕಾದಿದೆ. ನೆಲದಿಂದ ಆವಿ ಏಳುತ್ತಿದೆ. ಉಷ್ಣತೆ 34 ಡಿಗ್ರಿಗೆ ಇಳಿದಿರುವುದರಿಂದ ‘ಇಂದು ಬಿಸಿಲು ಕಡಮೆ’ ಎಂದು ನಾವು ಹೇಳಿಕೊಳ್ಳುತ್ತೇವೆ. ಆದರೆ ಆರ್ದ್ರತೆ ಶೇಕಡ 60 ಇದ್ದರೆ ತೇವಗುಂಡು 27 ಡಿಗ್ರಿಗೆ ಏರಿರುತ್ತದೆ. ಮಳೆ ಬಂತೆಂದು ಉತ್ಸಾಹದಿಂದ ಉಳುಮೆಗೂ ಬಿತ್ತನೆಗೂ ಇಳಿಯುವ ದಿನವೇ ದೇಹಕ್ಕೆ ಹಿಂದಿನ ವಾರದ ಸುಡುಬಿಸಿಲಿಗಿಂತ ಹೆಚ್ಚು ಕಷ್ಟದ ದಿನವಾಗಬಹುದು. ಆ ಒಂದು ದಿನದ ಮಟ್ಟಿಗೆ ನಮ್ಮ ಹೊಲವೇ ಒಂದು ದ್ವೀಪವಾಗಿರುತ್ತದೆ.

ತೇವಗುಂಡು 35 ಡಿಗ್ರಿಗೆ ಏರಿದರೆ ಆರೋಗ್ಯವಂತನೂ ನೆರಳಿನಲ್ಲಿ, ಬೇಕಾದಷ್ಟು ನೀರಿದ್ದರೂ, ಕೆಲವು ಗಂಟೆಗಳಿಗಿಂತ ಹೆಚ್ಚು ಬದುಕಲಾರನೆಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. 2022ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗಗಳಲ್ಲಿ ತರುಣ ತರುಣಿಯರ ದೇಹವೂ ತೇವವಾದ ಗಾಳಿಯಲ್ಲಿ 31 ಡಿಗ್ರಿಯ ಆಸುಪಾಸಿನಲ್ಲಿಯೇ ತನ್ನ ಉಷ್ಣತೆಯನ್ನು ಕಾಯ್ದುಕೊಳ್ಳಲಾರದೆ ಹೋಯಿತು. ಅವರು ಮಾಡುತ್ತಿದ್ದುದು ದಿನನಿತ್ಯದ ಹಗುರವಾದ ಕೆಲಸಗಳಿಗೆ ಸಮನಾದ ದುಡಿಮೆ ಮಾತ್ರ. ಹೊಲದಲ್ಲಿ ದುಡಿಯುವವರಿಗೂ ಮುದುಕರಿಗೂ ಈ ಮಿತಿ ಇನ್ನೂ ಕೆಳಗಿರುತ್ತದೆ.

ನಮ್ಮ ಹವಾಮಾನ ಇಲಾಖೆಯೂ ಈ ಭೇದವನ್ನು ಗಮನಿಸಿದೆ. ಬಿಸಿಗಾಳಿಯನ್ನು ಸಾರಲು ಬಯಲುಸೀಮೆಯಲ್ಲಿ ಉಷ್ಣತೆ ಕನಿಷ್ಠ 40 ಡಿಗ್ರಿ ಮುಟ್ಟಬೇಕೆಂದೂ, ಕರಾವಳಿಯಲ್ಲಿ 37 ಡಿಗ್ರಿ ಸಾಕೆಂದೂ ಅದರ ನಿಯಮ.

ಆವಿಯು ಮಳೆಯಾಗುವ ಬಗೆ

ನಮ್ಮ ಬೆವರನ್ನು ಆರಗೊಡದ ಆವಿಯೇ ಮೇಲೇರಿ ಮೋಡವಾಗುತ್ತದೆ. ಬಿಸಿನೆಲದಿಂದ ಮೇಲೇಳುವ ಗಾಳಿ ಹಿಗ್ಗುತ್ತ ತಣಿಯುತ್ತದೆ. ಪ್ರತಿ ಕಿಲೋಮೀಟರಿಗೂ ಸುಮಾರು ಹತ್ತು ಡಿಗ್ರಿ. ಸಂತೃಪ್ತವಾದ ಮಟ್ಟವನ್ನು ಮುಟ್ಟಿದಾಗ ಆವಿಯು ಹನಿಗಟ್ಟತೊಡಗುತ್ತದೆ. ಆಗ ಒಂದು ವಿಶೇಷ ನಡೆಯುತ್ತದೆ. ಆವಿಯಾಗುವಾಗ ನೀರು ನುಂಗಿದ್ದ ಗುಪ್ತೋಷ್ಣವೆಲ್ಲ ಹನಿಯಾಗುವಾಗ ಹೊರಬರುತ್ತದೆ. ಸಾಲವಾಗಿ ಪಡೆದುದನ್ನು ಪೈಸೆಯೂ ಉಳಿಸದೆ ಹಿಂದಿರುಗಿಸಿದಂತೆ. ಈ ಶಾಖವನ್ನು ಪಡೆದ ಗಾಳಿಯು ಸುತ್ತಣ ಗಾಳಿಗಿಂತ ಬೆಚ್ಚಗೂ ಹಗುರವೂ ಆಗಿ ಇನ್ನಷ್ಟು ಮೇಲೇರುತ್ತದೆ. ಅದರ ಸ್ಥಾನವನ್ನು ತುಂಬಲು ಸುತ್ತಲಿನ ತೇವವಾದ ಗಾಳಿ ನುಗ್ಗಿಬರುತ್ತದೆ. ಹೀಗೆ ಮೋಡವು ತನ್ನ ಉರುವಲನ್ನು ತಾನೇ ಎಳೆದುಕೊಳ್ಳುತ್ತ ಹನ್ನೆರಡು ಹದಿನೈದು ಕಿಲೋಮೀಟರು ಎತ್ತರಕ್ಕೆ ಬೆಳೆದು ನಿಲ್ಲುತ್ತದೆ.

ಇದರ ಶಕ್ತಿ ಎಷ್ಟು? ಒಂದು ಎಕರೆಯ ಮೇಲೆ 50 ಮಿಲಿಮೀಟರು ಮಳೆ ಬಿದ್ದರೆ ಎರಡು ಲಕ್ಷ ಲೀಟರು ನೀರಾಗುತ್ತದೆ. ಇಷ್ಟು ನೀರು ಹನಿಗಟ್ಟುವಾಗ ಮೇಲೆ ಹೊರಬಿದ್ದ ಶಾಖವು ಸುಮಾರು 1,40,000 ಯೂನಿಟ್ ವಿದ್ಯುತ್ತಿಗೆ ಸಮ. ಅದೂ ಒಂದೇ ಎಕರೆಯ ಲೆಕ್ಕ! ಏಪ್ರಿಲ್ ಮೇ ತಿಂಗಳುಗಳಲ್ಲಿ ಗುಡುಗುಮಳೆಗೆ ಮುನ್ನ ಬೀಸುವ ಬಿರುಗಾಳಿಯು ಗೊನೆ ಬಿಟ್ಟ ಬಾಳೆಯ ತೋಟವನ್ನು ಅರ್ಧ ಗಂಟೆಯಲ್ಲಿ ಮಲಗಿಸಿಬಿಡುವುದನ್ನು ಚಾಮರಾಜನಗರದ ಸೀಮೆಯವರೆಲ್ಲ ಕಂಡಿದ್ದಾರೆ. ಆ ಗಾಳಿಗೆ ಬಲ ಬಂದುದು ಈ ಭಂಡಾರದಿಂದ.

ಗಾಳಿಯನ್ನು ಮೇಲೆತ್ತಲು ಬಿಸಿನೆಲವೇ ಬೇಕೆಂದಿಲ್ಲ, ಬೆಟ್ಟವಾದರೂ ಆದೀತು. ಕಡಲಿನ ನಡುವೆ ಎತ್ತರವಾದ ಬೆಟ್ಟವಿರುವ ದ್ವೀಪದಲ್ಲಿ ಎರಡೂ ಕೂಡಿಕೊಂಡರೆ ಏನಾಗುವುದೆಂಬುದನ್ನು ಹಿಂದೂ ಮಹಾಸಾಗರದ ರೆಯೂನಿಯನ್ ದ್ವೀಪ ತೋರಿಸಿತು. 1966ರ ಜನವರಿ 7-8ರಂದು ಒಂದು ಚಂಡಮಾರುತದ ಸಮಯದಲ್ಲಿ ಅಲ್ಲಿಯ ಫೋಕ್-ಫೋಕ್ ಎಂಬ ಎಡೆಯಲ್ಲಿ 24 ಗಂಟೆಗಳಲ್ಲಿ 1,825 ಮಿಲಿಮೀಟರು ಮಳೆ ಸುರಿಯಿತು. ಭೂಮಿಯ ಮೇಲೆ ಒಂದು ದಿನದ ಮಳೆಯಲ್ಲಿ ಅದೇ ದಾಖಲೆ. ನಮ್ಮ ಜಿಲ್ಲೆಯಲ್ಲಿ ಎರಡು ವರ್ಷಕ್ಕೂ ಅಷ್ಟು ಮಳೆ ಸಾಮಾನ್ಯವಾಗಿ ಬೀಳುವುದಿಲ್ಲ.

ಮಳೆಯ ನೆರಳಿನಲ್ಲಿರುವವರು

ಚಾಮರಾಜನಗರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700ರಿಂದ 800 ಮಿಲಿಮೀಟರು. ನೈರುತ್ಯದ ಮಳೆಗಾಳಿ ವಯನಾಡಿನ ಘಟ್ಟಗಳನ್ನೇರುವಾಗ ತನ್ನ ನೀರಿನ ಬಹುಭಾಗವನ್ನು ಅಲ್ಲಿಯೇ ಸುರಿಸಿ, ಇತ್ತ ಇಳಿಯುವ ವೇಳೆಗೆ ಒಣಗಿರುತ್ತದೆ. ನಾವು ಮಳೆಯ ನೆರಳಿನಲ್ಲಿ ವಾಸಿಸುವವರು. ನಮ್ಮ ಹೊಲಗಳನ್ನು ಕಾಯುವುದು ಬೇಸಗೆಯ ಗುಡುಗುಮಳೆ, ಬಳಿಕ ಸೆಪ್ಟೆಂಬರ್ ಅಕ್ಟೋಬರ್ ತಿಂಗಳ ಮಳೆ.

ಬರವನ್ನೇ ಕಂಡು ಬೆಳೆದ ನಾಡಿಗೆ ನೆರೆಯ ಭಯ ಸುಲಭವಾಗಿ ಹುಟ್ಟುವುದಿಲ್ಲ. ಆದರೆ ನೆರೆ ನಮ್ಮಲ್ಲಿಗೆ ಎರಡು ದಾರಿಗಳಿಂದ ಬರುತ್ತದೆ.

ಮೊದಲನೆಯದು ಹೊಳೆಯ ದಾರಿ. ವಯನಾಡಿನಲ್ಲಿ ಬಿದ್ದ ಮಳೆ ಕಬಿನಿಯಾಗಿ, ಕೊಡಗಿನಲ್ಲಿ ಬಿದ್ದ ಮಳೆ ಕಾವೇರಿಯಾಗಿ ಕೂಡಿ ಬರುತ್ತದೆ. 2018ರಲ್ಲಿಯೂ 2019ರಲ್ಲಿಯೂ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು ಮೊದಲಾದ ನದೀತೀರದ ಊರುಗಳಿಗೆ ನೀರು ನುಗ್ಗಿದುದು ಹೀಗೆ. 2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಗ್ರಾಮಗಳ ಮೇಲೆ ಗುಡ್ಡ ಜರಿದು ಇನ್ನೂರೈವತ್ತಕ್ಕೂ ಹೆಚ್ಚು ಜನ ಮಡಿದರು. ಆ ಸ್ಥಳಕ್ಕೂ ಗುಂಡ್ಲುಪೇಟೆಗೂ ನೇರವಾಗಿ ಅಳೆದರೆ ಎಪ್ಪತ್ತು ಕಿಲೋಮೀಟರಿನಷ್ಟೂ ದೂರವಿಲ್ಲ. ಹತ್ತಿರದ ಒಂದು ಮಳೆಮಾಪಕದಲ್ಲಿ 48 ಗಂಟೆಗಳಲ್ಲಿ 570 ಮಿಲಿಮೀಟರು ಮೀರಿ ಮಳೆ ದಾಖಲಾಗಿತ್ತು. ನಮ್ಮಲ್ಲಿ ಇಡೀ ವರ್ಷಕ್ಕೆ ಬೀಳುವ ನೀರಿನ ಸುಮಾರು ಮುಕ್ಕಾಲು ಪಾಲಿನಷ್ಟು ಅಲ್ಲಿ ಎರಡು ದಿನದಲ್ಲಿ ಬಿತ್ತು.

ಎರಡನೆಯದು ನಮ್ಮ ಆಕಾಶದಿಂದಲೇ ಬರುವ ದಾರಿ. 2022ರ ಆಗಸ್ಟ್ ಕೊನೆಯಲ್ಲಿಯೂ ಸೆಪ್ಟೆಂಬರ್ ಮೊದಲಲ್ಲಿಯೂ ಸುರಿದ ಮಳೆಗೆ ಜಿಲ್ಲೆಯ ಕೆರೆಗಳು ಕೋಡಿ ಬಿದ್ದವು. ಸುವರ್ಣಾವತಿ ಉಕ್ಕಿ ಹರಿದು ಯಳಂದೂರಿನ ಸುತ್ತ ಗದ್ದೆಗಳನ್ನೂ ರಸ್ತೆಗಳನ್ನೂ ಮುಚ್ಚಿತು. ವರ್ಷಗಟ್ಟಲೆ ನೀರನ್ನೇ ಕಾಣದ ಹಳ್ಳಗಳು ತಮ್ಮ ಹಳೆಯ ದಾರಿಯನ್ನು ನೆನೆಸಿಕೊಂಡವು. ಆ ದಾರಿಯಲ್ಲಿ ನಾವು ಮನೆ ಕಟ್ಟಿದ್ದೆವು, ಹೊಲ ಮಾಡಿದ್ದೆವು.

ಒಂದು ಡಿಗ್ರಿಯ ಬೆಲೆ

ಭೂಮಿಯು ಬೆಚ್ಚಗಾಗುತ್ತಿದೆಯೆಂಬ ಮಾತು ಈಗ ಎಲ್ಲರ ಕಿವಿಗೂ ಬಿದ್ದಿದೆ. ಭಾರತದ ಸರಾಸರಿ ಉಷ್ಣತೆ 1901ರಿಂದ 2018ರ ಒಳಗೆ ಸುಮಾರು 0.7 ಡಿಗ್ರಿ ಏರಿದೆ. ಹಿಂದೂ ಮಹಾಸಾಗರದ ಉಷ್ಣವಲಯದ ಮೇಲ್ಮೈ 1951ರಿಂದ 2015ರ ಒಳಗೆ ಸುಮಾರು 1 ಡಿಗ್ರಿ ಏರಿದೆ. ಒಂದು ಡಿಗ್ರಿ ಎಂದರೆ ಅಂಗೈಯಿಂದ ಮುಟ್ಟಿ ತಿಳಿಯಲಾಗದ ವ್ಯತ್ಯಾಸ. ಇದಕ್ಕೇಕೆ ಇಷ್ಟು ಗಾಬರಿ ಎಂದು ಕೇಳಬಹುದು.

ಉತ್ತರವು ಹತ್ತೊಂಬತ್ತನೆಯ ಶತಮಾನದ ಭೌತವಿಜ್ಞಾನದಲ್ಲಿದೆ. ಫ್ರಾನ್ಸಿನ ಕ್ಲಾಪೆರಾನ್, ಜರ್ಮನಿಯ ಕ್ಲಾಸಿಯಸ್ ಇವರು ರೂಪಿಸಿದ ಸೂತ್ರದ ಪ್ರಕಾರ ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದರಲ್ಲಿ ಇರಬಲ್ಲ ಆವಿಯು ಶೇಕಡ 6ರಿಂದ 7ರಷ್ಟು ಹೆಚ್ಚುತ್ತದೆ. ಮಳೆಯಿಲ್ಲದ ದಿನಗಳಲ್ಲಿ ಇಂಥ ಗಾಳಿಯ ದಾಹ ಹೆಚ್ಚು. ಕೆರೆಯನ್ನೂ ಹೊಲವನ್ನೂ ಬೇಗನೆ ಒಣಗಿಸುತ್ತದೆ. ಮಳೆ ಬರುವ ದಿನದಲ್ಲಿ ಅದರ ಗಂಟು ದೊಡ್ಡದು. ಬಿಚ್ಚಿದಾಗ ಹೆಚ್ಚು ನೀರು ಸುರಿಯುತ್ತದೆ. ಬರವೂ ನೆರೆಯೂ ಒಟ್ಟಿಗೇ ಬಲಗೊಳ್ಳುವುದು ವಿರೋಧಾಭಾಸವಲ್ಲ, ಒಂದೇ ನಿಯಮದ ಎರಡು ಫಲಗಳು. 1950ರಿಂದ 2015ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, ಮಧ್ಯಭಾರತದಲ್ಲಿ ವಿಶಾಲ ಪ್ರದೇಶದ ಮೇಲೆ ಬೀಳುವ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾಗಿವೆಯೆಂದು 2017ರಲ್ಲಿ ತೋರಿಸಿದರು.

ಶೇಕಡ 7 ಸಣ್ಣದೆಂದು ತೋರಬಹುದು. ಆದರೆ ನೆಲದ ಲೆಕ್ಕ ಬೇರೆ. ಒಂದು ಗಂಟೆಯಲ್ಲಿ 50 ಮಿಲಿಮೀಟರು ಮಳೆ ಬಿದ್ದಿತೆಂದೂ, ಅದರಲ್ಲಿ 30 ಮಿಲಿಮೀಟರನ್ನು ಮಣ್ಣು ಹೀರಿತೆಂದೂ ಇಟ್ಟುಕೊಳ್ಳೋಣ. ಹರಿದುಹೋಗುವುದು 20. ಮಳೆ ಶೇಕಡ 10ರಷ್ಟು ಹೆಚ್ಚಿ 55 ಆದರೆ, ಮಣ್ಣು ಹೀರುವುದು ಅದೇ 30; ಹರಿಯುವುದು 25. ಮಳೆಯ ಹೆಚ್ಚಳ ಹತ್ತರ ಪ್ರಮಾಣದಲ್ಲಿದ್ದರೆ ನೆರೆಯ ಹೆಚ್ಚಳ ಇಪ್ಪತ್ತೈದರ ಪ್ರಮಾಣದಲ್ಲಿರುತ್ತದೆ! ಬಿಸಿಲಿಗೆ ನೆಲ ಗಟ್ಟಿಗೊಂಡು 20 ಮಿಲಿಮೀಟರನ್ನು ಮಾತ್ರ ಹೀರಿದರೆ, ಹರಿಯುವ ನೀರು 35. ಹೆಚ್ಚಿದ ಮಳೆಯಿಂದಲೂ ಕೆಟ್ಟ ನೆಲದಿಂದಲೂ ನೆರೆ ಬೆಳೆಯುತ್ತದೆ. ಇವುಗಳಲ್ಲಿ ಎರಡನೆಯದು ನಮ್ಮ ಕೈಯೊಳಗಿನದು.

ತಿಳಿದ ಮೇಲೆ ಮಾಡಬೇಕಾದುದು

ಸೆಕೆಯ ವಿಷಯದಲ್ಲಿ ಮೊದಲನೆಯ ಪಾಠ: ಉಷ್ಣಮಾಪಕದ ಒಂದೇ ಅಂಕಿಯನ್ನು ನಂಬಬಾರದು. ಮಳೆ ಬಿದ್ದ ಮರುದಿನದ ಬೇಗುದಿಯಲ್ಲಿ ಕೆಲಸವನ್ನು ಬೆಳಗಿನ ಹೊತ್ತಿಗೂ ಸಂಜೆಗೂ ಹಂಚಿಕೊಳ್ಳುವುದು ಸೋಮಾರಿತನವಲ್ಲ. ಒಣಬಿಸಿಲಿನಲ್ಲಿ ಬೆವರು ಕಾಣುವುದಿಲ್ಲವೆಂದು ನೀರು ಕುಡಿಯುವುದನ್ನು ಮರೆಯಬಾರದು. ನೀರಿನೊಡನೆ ಉಪ್ಪೂ ಹೋಗಿರುತ್ತದೆ, ಉಪ್ಪು ಬೆರೆಸಿದ ಮಜ್ಜಿಗೆಯೂ ರಾಗಿಯ ಅಂಬಲಿಯೂ ಅದನ್ನು ತುಂಬಿಕೊಡುತ್ತವೆ. ಬಿಸಿಲಿನಲ್ಲಿ ದುಡಿಯುತ್ತಿದ್ದವರು ತೊದಲಿದರೆ, ತಡವರಿಸಿದರೆ, ಮೈ ಕೆಂಡದಂತೆ ಸುಟ್ಟರೆ ಅದು ಬರಿಯ ದಣಿವಲ್ಲ, ಪ್ರಾಣಾಪಾಯ. ನೆರಳಿಗೆ ತಂದು, ಮೈಗೆಲ್ಲ ನೀರು ಸುರಿದು, ಜೋರಾಗಿ ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಮೈಗೆ ನೀರು, ನೀರಿಗೆ ಗಾಳಿ: ಇದು ಬೆವರಿನ ಕೆಲಸವನ್ನು ನಾವು ವಹಿಸಿಕೊಳ್ಳುವ ಕ್ರಮ.

ನೆರೆಯ ವಿಷಯದಲ್ಲಿ ನಮ್ಮ ಹಿರಿಯರು ಕಟ್ಟಿದ ಕೆರೆಗಳ ಸಾಲೇ ಉತ್ತಮ ಗುರು. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಹರಿಯುವಂತೆ ಮಾಡಿದ ಆ ಏರ್ಪಾಡು ಬರದಲ್ಲಿ ನೀರಿನ ಕಣಜ, ಅತಿವೃಷ್ಟಿಯಲ್ಲಿ ನೀರಿನ ಕಡಿವಾಣ. ಕಬಿನಿಯ ನೀರನ್ನು ಎತ್ತಿ ಗುಂಡ್ಲುಪೇಟೆಯ ಕೆರೆಗಳನ್ನು ತುಂಬಿಸುವ ಏರ್ಪಾಡು ಅಂತರ್ಜಲಕ್ಕೆ ದೊಡ್ಡ ಉಪಕಾರ. ಆದರೆ ತುಂಬಿದ ಕೆರೆಯಲ್ಲಿ ಹೊಸ ಮಳೆಗೆ ಎಡೆಯಿರುವುದಿಲ್ಲವೆಂಬುದನ್ನು ಮರೆಯಬಾರದು. ಆದ್ದರಿಂದ ಹೂಳು ತೆಗೆದ ಅಂಗಳ, ಭದ್ರವಾದ ಏರಿ, ಮುಚ್ಚಿಹೋಗದ ಕೋಡಿಯ ಕಾಲುವೆ ಇವು ಮೊದಲಿಗಿಂತ ಈಗ ಹೆಚ್ಚು ಆವಶ್ಯಕ. ಒಂದು ದಿನಕ್ಕೆ 204 ಮಿಲಿಮೀಟರು ಮೀರಿದ ಮಳೆಯನ್ನು ಹವಾಮಾನ ಇಲಾಖೆ ಅತ್ಯಂತ ಭಾರಿ ಮಳೆ ಎಂದು ಕರೆದು ಕೆಂಪು ಬಣ್ಣದ ಎಚ್ಚರಿಕೆ ಕೊಡುತ್ತದೆ. ಆ ಬಣ್ಣ ವಯನಾಡಿನ ಮೇಲೆ ಬಿದ್ದಾಗ, ನಮ್ಮ ತಲೆಯ ಮೇಲೆ ಬಿಸಿಲಿದ್ದರೂ, ಹೊಳೆಯ ಅಂಚಿನಲ್ಲಿರುವವರು ಎಚ್ಚರಗೊಳ್ಳಬೇಕು. ನೀರು ಹಾಯುತ್ತಿರುವ ಸೇತುವೆಯನ್ನು ಯಾವ ಅವಸರಕ್ಕೂ ದಾಟಬಾರದು.

ಹುಣಿಸೆಯ ಮರದ ನೆರಳಿನಲ್ಲಿ ಕುಳಿತವರು ಒಣಗಾಳಿಯನ್ನು ಶಪಿಸುವುದುಂಟು. ಆ ಗಾಳಿಯೇ ಈ ಹೊತ್ತು ಅವರ ಬೆವರನ್ನು ಆರಿಸಿ ಪ್ರಾಣವನ್ನು ಕಾಯುತ್ತಿದೆ. ಕಡಲಿನ ಕಡೆಯಿಂದ ತೇವದ ಗಾಳಿ ಬಂದಾಗ ಸೆಕೆಯಿಂದ ಬೇಯುತ್ತೇವೆ. ‘ಮಳೆ ಬರುತ್ತದೆ’ ಎಂದು ಅಜ್ಜಿಯರು ಹೇಳುತ್ತಾರೆ. ಅವರ ಮಾತಿನಲ್ಲಿ ತಪ್ಪಿಲ್ಲ. ಮೈಯ ಬೆವರನ್ನು ಆರಗೊಡದೆ ಇಂದು ನಮ್ಮನ್ನು ಕಾಡುವ ನೀರೇ, ನಾಳೆ ನಮ್ಮ ಕೆರೆಯ ಏರಿಯನ್ನು ಪರೀಕ್ಷಿಸಲು ಆಕಾಶದಿಂದ ಇಳಿಯುತ್ತದೆ.